ಟಿಕೇಟಿಲ್ಲದ ಕಚೇರಿ: ತಿರುವೈಯಾರಿನ ಆರಾಧನೆ

ಪುಷ್ಯ ಬಹುಳ ಪಂಚಮಿ ಎಂದರೆ ನಮ್ಮ ಕಡೆಯ ಬೆಳೆಗಾರನು ಮನೆ ಬಿಟ್ಟು ಹೊರಡಲಾಗದ ದಿನ. ಅರೇಬಿಕಾ ಕುಯ್ಲು ಮುಗಿಯುತ್ತಿರುವಂತೆಯೇ ರೊಬಸ್ಟಾ ಹಣ್ಣಾಗಿ ನಿಂತಿರುತ್ತದೆ. ಕಣದ ತುಂಬ ಚೆರಿ ಹರಡಿರುತ್ತದೆ. ಅಡಿಕೆ ಬೇಯಿಸುವ ಹಂಡೆ ಒಲೆಯಿಂದ ಇಳಿದಿರುವುದಿಲ್ಲ. ಆಕಾಶದಲ್ಲಿ ಒಂದು ತುಂಡು ಮೋಡ ಕಂಡರೂ ಎದೆ ಹಾರುತ್ತದೆ. ಇಂದು ಬಂದ ಆಳು ನಾಳೆ ಬರುತ್ತದೆಂಬ ಭರವಸೆಯಂತೂ ಇಲ್ಲ. ಹೀಗಿರುವಲ್ಲಿ ತ್ಯಾಗರಾಜರ ಆರಾಧನೆಗೆಂದು ತಿರುವೈಯಾರಿಗೆ ಹೋಗಿಬರುವ ಮಾತನ್ನು ನಾನು ಸುಮಾರು ಇಪ್ಪತ್ತೈದು ವರ್ಷ ಬರಿದೇ ಆಡುತ್ತ ಬಂದಿದ್ದೆ. ಆ ದಿನ ಬೆಳಿಗ್ಗೆ ಕಣದ ಮೂಲೆಯಲ್ಲಿ ರೇಡಿಯೋ ಇಟ್ಟುಕೊಂಡು, ಒಂದು ಕಣ್ಣು ಆಳುಗಳ ಮೇಲೆ, ಒಂದು ಕಿವಿ ಪಂಚರತ್ನದ ಮೇಲೆ ಇಟ್ಟು ಕೇಳಿದ್ದೇ ನನ್ನ ಆರಾಧನೆ.

ಕೊನೆಗೆ ಹೋಗಲು ಬಿಡುವು ದೊರಕಿದ್ದು ಒಂದು ನಷ್ಟದ ದೆಸೆಯಿಂದ. 2018ರ ಆಗಸ್ಟಿನ ಮಳೆಯನ್ನು ಸದಸ್ಯ ಬಾಂಧವರು ಮರೆತಿರಲಾರರು. ಕೊಡಗಿನಲ್ಲಿ ಗುಡ್ಡಗಳೇ ಜಾರಿ ಬಂದವು. ನಮ್ಮ ಕಡೆ ಗುಡ್ಡ ನಿಂತರೂ ಫಸಲು ನಿಲ್ಲಲಿಲ್ಲ. ಕಾಫಿ ಕಾಯಿ ಕೊಳೆತು ಉದುರಿತು. ಅಡಿಕೆಗೆ ಬೋರ್ಡೋ ಮಿಶ್ರಣ ಹೊಡೆಯಲು ಎರಡು ದಿನ ಬಿಸಿಲು ಸಿಗದೆ ಕೊಳೆರೋಗ ತೋಟದಿಂದ ತೋಟಕ್ಕೆ ನಡೆದು ಹೋಯಿತು. ಕುಯ್ಯುವುದಕ್ಕೆ ಹೆಚ್ಚೇನೂ ಉಳಿಯದಿದ್ದ ಕಾರಣ 2019ರ ಜನವರಿ ಮೂರನೆಯ ವಾರಕ್ಕೆಲ್ಲ ನಮ್ಮ ಕೆಲಸ ಮುಗಿದಿತ್ತು. ಆ ವರ್ಷ ಪಂಚಮಿ ಜನವರಿ 25ಕ್ಕೆ ಬಿದ್ದಿತ್ತು. "ಲೆಕ್ಕ ನೋಡುತ್ತ ಮನೆಯಲ್ಲಿ ಕೂತರೆ ಕಾಯಿಲೆ ಬೀಳ್ತೀರಿ, ಹೋಗಿ ಬನ್ನಿ" ಎಂದು ಮನೆಯವಳೇ ಹೊರಡಿಸಿದಳು. ಮೈಸೂರಿನಿಂದ ಬೆಂಗಳೂರಿನ ಮೇಲೆ ತಂಜಾವೂರಿಗೆ ಹೋಗುವ ರಾತ್ರಿಯ ರೈಲು ಹಿಡಿದೆ.

ತಂಜಾವೂರಿನಿಂದ ಉತ್ತರಕ್ಕೆ ಸುಮಾರು ಹನ್ನೆರಡು ಕಿಲೋಮೀಟರು ಬಸ್ಸಿನಲ್ಲಿ ಹೋದರೆ ತಿರುವೈಯಾರು. 'ಐಯಾರು' ಎಂದರೆ ಐದು ಹೊಳೆ. ವಡವಾರು, ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ, ಕಾವೇರಿ ಎಂಬ ಐದನ್ನು ಆ ಕಡೆಯವರು ಎಣಿಸುತ್ತಾರೆ. ದಾರಿಯಲ್ಲಿ ಒಂದೊಂದಾಗಿ ಸೇತುವೆ ದಾಟುತ್ತ ಹೋಗುವಾಗ ಲೆಕ್ಕ ನಮಗೇ ಸಿಗುತ್ತದೆ. ಊರಿನ ದೇವರಿಗೂ ಪಂಚನದೀಶ್ವರನೆಂದೇ ಹೆಸರು. ಸಂಕ್ರಾಂತಿ ಕಳೆದು ಹತ್ತು ದಿನ. ಎರಡೂ ಕಡೆ ಸಾಂಬಾ ಭತ್ತದ ಗದ್ದೆಗಳು ಕೆಲವು ಕೊಯ್ದು, ಕೆಲವು ಕೊಯ್ಲಿಗೆ ಬಂದು ನಿಂತಿದ್ದವು.

ಹೊಳೆ ದಂಡೆಗೆ ಹೋದವನೇ ನಾನು ಮೊದಲು ನೋಡಿದ್ದು ನೀರನ್ನು. ನಮ್ಮ ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟು ದಾಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಶಿವನಸಮುದ್ರ, ಮೆಟ್ಟೂರು, ತಿರುಚಿನಾಪಳ್ಳಿ, ಆ ಮೇಲೆ ಚೋಳರ ಕಾಲದ ಕಲ್ಲಣೆ. ಕಲ್ಲಣೆಯಲ್ಲಿ ಹೊಳೆ ಹಲವು ಕವಲಾಗಿ, ಕಾವೇರಿ ಎಂಬ ಹೆಸರನ್ನು ಉಳಿಸಿಕೊಂಡ ಕವಲು ತಿರುವೈಯಾರಿನ ಮುಂದೆ ಹರಿಯುತ್ತದೆ. ನಮ್ಮ ತೋಟದ ಕೆಳಗಿನ ಹಳ್ಳದ ನೀರು ಸೇರುವುದೂ ಅಲ್ಲಿಗೇ. ಆಗಸ್ಟಿನಲ್ಲಿ ನಮ್ಮ ಫಸಲನ್ನು ಕೊಳೆಸಿದ ಮಳೆಯೇ ಕೆಳಗಿನವರ ಮೆಟ್ಟೂರು ಜಲಾಶಯವನ್ನು ತುಂಬಿಸಿ ಸಾಂಬಾ ಬೆಳೆಗೆ ನೀರಾಯಿತು. ಅದನ್ನು ಯೋಚಿಸಿ ಸಂತೋಷಪಡಬೇಕೋ ಹೊಟ್ಟೆಯುರಿ ಪಡಬೇಕೋ ಎಂದು ತಿಳಿಯದೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆ.

ಈಗ ಸ್ಥಳದ ಪೂರ್ವಕಥೆಯನ್ನು ಹೇಳಬೇಕು. 1767ರಲ್ಲಿ ತಿರುವಾರೂರಿನಲ್ಲಿ ಹುಟ್ಟಿದ ತ್ಯಾಗರಾಜರು ಬಾಳಿದ್ದು, ಹಾಡಿದ್ದು, 1847ರ ಜನವರಿ 6ರಂದು ದೇಹ ಬಿಟ್ಟದ್ದು ಎಲ್ಲ ಈ ಊರಿನಲ್ಲಿ. ಮನೆಮಾತು ತೆಲುಗು, ನೆಲ ತಮಿಳಿನದು, ಆಳುತ್ತಿದ್ದವರು ಮರಾಠಾ ಅರಸರು. ನಮ್ಮ ಪುರಂದರದಾಸರ ಮೇಲೆ ಅವರಿಗಿದ್ದ ಗೌರವ 'ಪ್ರಹ್ಲಾದ ಭಕ್ತಿವಿಜಯ'ದ ಆರಂಭದಲ್ಲಿ ಅವರ ಮಾತಿನಲ್ಲೇ ಇದೆ. ಇಬ್ಬರ ಪುಣ್ಯದಿನಗಳ ನಡುವೆ ಹತ್ತು ದಿನದ ಅಂತರ ಮಾತ್ರ. ದಾಸರದು ಅದೇ ಪುಷ್ಯದ ಅಮಾವಾಸ್ಯೆ. ಆಸ್ಥಾನದ ಕರೆಯನ್ನು ತ್ಯಾಗರಾಜರು ಒಪ್ಪಲಿಲ್ಲವೆಂದೂ, ಬೀದಿಯಲ್ಲಿ ಹಾಡುತ್ತ ಉಂಛವೃತ್ತಿಯಿಂದಲೇ ಜೀವಿಸಿದರೆಂದೂ ಪರಂಪರೆ ಹೇಳುತ್ತದೆ. ಅಂಥವರ ಹೆಸರಿನ ಉತ್ಸವಕ್ಕೆ ಟಿಕೇಟು ಇಡಲು ಯಾರಿಗೂ ಬಾಯಿ ಬಂದಿಲ್ಲ. ಹಾಡುವವರಿಗೆ ಸಂಭಾವನೆ ಇಲ್ಲ, ಕೇಳುವವರಿಗೆ ಕಾಣಿಕೆಯ ಕಟ್ಟಳೆ ಇಲ್ಲ.

ಅಂತ್ಯಕಾಲದಲ್ಲಿ ಸಂನ್ಯಾಸ ತೆಗೆದುಕೊಂಡಿದ್ದರಿಂದ ಅವರಿಗೆ ಹೊಳೆ ದಂಡೆಯಲ್ಲಿ ಸಮಾಧಿಯಾಯಿತು. ಶಿಷ್ಯರು ಊರೂರಿಗೆ ಚದುರಿ ತಮ್ಮ ತಮ್ಮ ಮನೆಗಳಲ್ಲಿ ಗುರುವಿನ ದಿನ ಮಾಡುತ್ತಿದ್ದರು. ಸಮಾಧಿಯ ಕಡೆ ಗಮನ ಕಡಿಮೆಯಾಯಿತು. 1903ರ ಸುಮಾರಿಗೆ ಉಮಯಾಳಪುರದ ಇಬ್ಬರು ಭಾಗವತರು, ಗುರುವನ್ನು ಕಣ್ಣಾರೆ ಕಂಡಿದ್ದ ವೃದ್ಧ ಶಿಷ್ಯರು, ಬಂದು ನೋಡಿ ಪಾಳುಬಿದ್ದಿದ್ದ ಬೃಂದಾವನವನ್ನು ಸರಿಪಡಿಸಿದರು. ಆಮೇಲೆ ಅಲ್ಲಿ ಆರಾಧನೆ ಆರಂಭವಾಯಿತು. ತಿಲ್ಲೈಸ್ಥಾನದ ನರಸಿಂಹ ಭಾಗವತರು, ಪಂಜು ಭಾಗವತರು ಎಂಬ ಅಣ್ಣತಮ್ಮಂದಿರು ಮುಂದೆ ನಿಂತರು.

ಆರಂಭವಾದ ಕೆಲವೇ ವರ್ಷಗಳಲ್ಲಿ ಜಗಳವೂ ಆರಂಭವಾಯಿತು! ಅಣ್ಣನ ಕಡೆ ಒಂದು ಪಂಗಡ, ತಮ್ಮನ ಕಡೆ ಒಂದು ಪಂಗಡ. 'ಪೆರಿಯ ಕಚ್ಚಿ', 'ಚಿನ್ನ ಕಚ್ಚಿ' ಎಂದು ಅವಕ್ಕೆ ಹೆಸರು. ನಮ್ಮ ಮಾತಿನಲ್ಲಿ ದೊಡ್ಡ ಪಾರ್ಟಿ, ಸಣ್ಣ ಪಾರ್ಟಿ. ಒಬ್ಬರು ಪಂಚಮಿಗೆ ಮುಗಿಯುವಂತೆ ಉತ್ಸವ ಮಾಡಿದರೆ ಇನ್ನೊಬ್ಬರು ಪಂಚಮಿಯಿಂದ ಆರಂಭಿಸಿದರು. ದೊಡ್ಡ ದೊಡ್ಡ ವಿದ್ವಾಂಸರು ಎರಡೂ ಕಡೆ ಹಂಚಿಹೋದರು. ಸಹಕಾರ ಸಂಘದ ಕಾರ್ಯದರ್ಶಿಯಾಗಿ ಹಲವು ಚುನಾವಣೆ ಕಂಡಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಎರಡು ಪಂಗಡಗಳೂ ಒಂದು ವಿಷಯದಲ್ಲಿ ಮಾತ್ರ ಭೇದವಿಲ್ಲದೆ ಒಪ್ಪಿದ್ದವು: ಹೆಂಗಸರು ಅಲ್ಲಿ ಹಾಡಬಾರದು.

ಇಲ್ಲಿಗೆ ನಮ್ಮ ನಂಜನಗೂಡಿನ ಹೆಣ್ಣುಮಗಳೊಬ್ಬಳು ಬರುತ್ತಾಳೆ. ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಸಂಗೀತ, ಸಂಸ್ಕೃತ, ತೆಲುಗು ಕಲಿತು, ಮೈಸೂರಿನ ಅರಮನೆಯಲ್ಲಿ ಹಾಡಿ, ಮುಂದೆ ಮದರಾಸಿಗೆ ಹೋಗಿ ಹೆಸರು ಹಣ ಎರಡನ್ನೂ ಗಳಿಸಿದರು. ಓದುಗಳೂ ಗಟ್ಟಿಗಿತ್ತಿಯೂ ಹೌದು. ಮುದ್ದುಪಳನಿ ಎಂಬ ತಂಜಾವೂರಿನ ಕವಯಿತ್ರಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯವನ್ನು ಹಿಂದಿನ ಮುದ್ರಕರು ಕತ್ತರಿಸಿ ಅಚ್ಚು ಹಾಕಿದ್ದನ್ನು ಕಂಡು, 1910ರಲ್ಲಿ ತಾವೇ ಪೂರ್ಣಪಾಠವನ್ನು ಪ್ರಕಟಿಸಿದರು. ಅಶ್ಲೀಲವೆಂದು ಸರಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾಗಲು 1947 ಬರಬೇಕಾಯಿತು.

ತಿರುವೈಯಾರಿನ ಸಮಾಧಿ ಮತ್ತೆ ಹಾಳು ಸುರಿಯುತ್ತಿದೆಯೆಂದು ಅವರಿಗೆ ಪತ್ರ ಬರೆದು ತಿಳಿಸಿದವರೂ ಕನ್ನಡದವರೇ, ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ಪಿಟೀಲು ಚೌಡಯ್ಯನವರ ಗುರುಗಳೆಂದರೆ ಎಲ್ಲರಿಗೂ ಗುರುತು ಸಿಗುತ್ತದೆ. ಪತ್ರ ಓದಿದ ನಾಗರತ್ನಮ್ಮನವರು ಸಭೆ ಕರೆಯಲಿಲ್ಲ, ಚಂದಾಪುಸ್ತಕ ಅಚ್ಚು ಹಾಕಿಸಲಿಲ್ಲ. ತಮ್ಮ ಒಡವೆ ಮಾರಿದರು, ಗಂಟು ಬಿಚ್ಚಿದರು. 1921ರಲ್ಲಿ ಕೆಲಸ ಹಿಡಿದು, ಸಮಾಧಿಯ ಜಾಗವನ್ನು ಭದ್ರಮಾಡಿ, ಗುಡಿ ಕಟ್ಟಿಸಿ, ತ್ಯಾಗರಾಜರ ವಿಗ್ರಹವನ್ನು ಪ್ರತಿಷ್ಠೆ ಮಾಡಿಸಿದರು. ಆ ದಶಕದ ಮಧ್ಯಭಾಗಕ್ಕೆ ಎಲ್ಲ ಪೂರ್ಣವಾಯಿತು.

ಗುಡಿ ಕಟ್ಟಿದ್ದು ಆಕೆ. ಆ ಗುಡಿಯ ಮುಂದೆ ಹಾಡಲು ಆಕೆಗೆ ಅಪ್ಪಣೆ ಇಲ್ಲ. ಎರಡು ಪಂಗಡಗಳವರನ್ನೂ ಕೇಳಿ ಪ್ರಯೋಜನವಾಗದೆ, ಆಕೆ ಮೂರನೆಯ ಪಂಗಡವನ್ನೇ ಕಟ್ಟಿದರು, ಹೆಂಗಸರದು. ಮುಂಭಾಗದ ಚಪ್ಪರದಲ್ಲಿ ಗಂಡಸರ ಗೋಷ್ಠಿ, ಗುಡಿಯ ಹಿಂಭಾಗದಲ್ಲಿ ಹೆಂಗಸರ ಗೋಷ್ಠಿ. ಹೀಗೆ ವರ್ಷ ವರ್ಷವೂ ನಡೆಯಿತು. ಹಿಂದಿನಿಂದ ಬರುವ ಹಾಡು ಮುಂದಿನವರ ಕಿವಿಗೆ ಬೀಳದೆ ಇರುತ್ತಿತ್ತೇ? 1940ರ ಹೊತ್ತಿಗೆ ಐ.ಸಿ.ಎಸ್. ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿಯವರೇ ಮೊದಲಾದವರು ನಡುವೆ ಬಂದು ಮೂರನ್ನೂ ಒಂದುಮಾಡಿದರು. ಶ್ರೀ ತ್ಯಾಗಬ್ರಹ್ಮ ಮಹೋತ್ಸವ ಸಭೆ ಎಂಬ ಒಂದೇ ಸಂಸ್ಥೆಯಾಯಿತು. ಎಲ್ಲರೂ ಒಟ್ಟಿಗೆ ಕುಳಿತು ಪಂಚರತ್ನ ಹಾಡುವ ಪದ್ಧತಿ 1941ರಿಂದ ಬಂತು. ನಾವು ಅನಾದಿಯಿಂದ ಬಂದದ್ದೆಂದು ಭಾವಿಸುವ ಈ ಪದ್ಧತಿಗೆ ನೂರು ವರ್ಷವೂ ಆಗಿಲ್ಲ. ಅದು ಒಂದು ರಾಜಿಯ ಫಲ.

ಆ ರಾಜಿಗೆ ಪಂಚರತ್ನವನ್ನೇ ಆರಿಸಿದ್ದು ಜಾಣತನವೆಂದು ನನಗೆ ತೋರುತ್ತದೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ — ಐದೂ ಘನರಾಗಗಳು, ಐದೂ ಆದಿತಾಳ. ಮೊದಲನೆಯದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ಚರಣಗಳನ್ನು ಮೊದಲು ಸ್ವರದಲ್ಲಿ ಹಾಡಿ, ಅದೇ ಮಟ್ಟಿಗೆ ಸಾಹಿತ್ಯ ಹಾಡುವ ಕಟ್ಟು. ಎಲ್ಲವೂ ಮೊದಲೇ ನಿಶ್ಚಯವಾದದ್ದು. ಒಬ್ಬನ ಮನೋಧರ್ಮಕ್ಕೆ, ಮೇಲಾಟಕ್ಕೆ ಅಲ್ಲಿ ಎಡೆಯಿಲ್ಲ. ಆಲಾಪನೆ ಬಂತೆಂದರೆ ಯಾರು ಮೊದಲು, ಯಾರಿಗೆ ಎಷ್ಟು ಹೊತ್ತು ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಮಹಾವಿದ್ವಾಂಸನೂ ನಿನ್ನೆ ಪಾಠ ಒಪ್ಪಿಸಿದ ಹುಡುಗಿಯೂ ಒಂದೇ ಅಕ್ಷರವನ್ನು ಒಂದೇ ಹೊತ್ತಿಗೆ ಹಾಡಬೇಕು. ಗಂಟಲು ಕಟ್ಟಿದವನೂ ತಾಳ ಹಾಕಿಕೊಂಡು ನಡುವೆ ಸೇರಿಹೋಗುತ್ತಾನೆ; ನಾನು ಮಾಡಿದ್ದೂ ಅದನ್ನೇ.

ಪಂಚಮಿಯ ಬೆಳಿಗ್ಗೆ ತಿರುಮಂಜನ ಬೀದಿಯಲ್ಲಿ ತ್ಯಾಗರಾಜರಿದ್ದ ಮನೆಯಿಂದ ಉಂಛವೃತ್ತಿ ಭಜನೆ ಹೊರಟು ಸಮಾಧಿಗೆ ಬರುತ್ತದೆ. ನಾಗಸ್ವರವಾಗುತ್ತದೆ. ದೊಡ್ಡ ಚಪ್ಪರದ ನಡುವೆ ದಾರಿ ಬಿಟ್ಟು, ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು ಎದುರುಬದುರಾಗಿ ಸಾಲುಸಾಲಾಗಿ ನೆಲದ ಮೇಲೆ ಕೂರುತ್ತಾರೆ. ಕೊಳಲಿನವರು ಮೊದಲು ಒಂದು ಕೃತಿ ನುಡಿಸುತ್ತಾರೆ. ಆಮೇಲೆ ಸನ್ನಿಧಿಯಲ್ಲಿ ಅಭಿಷೇಕ ನಡೆಯುತ್ತಿರುವಂತೆಯೇ ನಾಟ ಏಳುತ್ತದೆ. ಐದೂ ಮುಗಿಯಲು ಸುಮಾರು ಒಂದು ಗಂಟೆ.

ಕೇಳುವುದಕ್ಕೆ ಹೇಗಿತ್ತೆಂದು ನಿಜ ಹೇಳಬೇಕಾದರೆ, ರೇಡಿಯೋದಲ್ಲಿ ಕೇಳಿದಷ್ಟು ಚೆನ್ನಾಗಿರಲಿಲ್ಲ. ನೂರಾರು ಕಂಠಗಳಲ್ಲಿ ಪಾಠಾಂತರದ ವ್ಯತ್ಯಾಸ ಎದ್ದು ಕಾಣುತ್ತದೆ. ಹಿಂದಿನ ಸಾಲು ಮುಂದಿನ ಸಾಲಿಗಿಂತ ಅರ್ಧ ಅಕ್ಷರ ತಡ. ಒಂದೇ ಶ್ರುತಿ ಗಂಡಸರಿಗೆ ಏರು, ಹೆಂಗಸರಿಗೆ ಇಳಿ. ಕ್ಯಾಮರಾ ಬಂದ ಕಡೆಗೆ ಮುಖ ತಿರುಗಿಸಿ ಹಾಡುವವರೂ, ಮುಂದಿನ ಸಾಲಿಗಾಗಿ ಮೊಣಕೈ ಬಳಸುವವರೂ ಇದ್ದರು. ಗೌಳದ ಹೊತ್ತಿಗೆ ನಾನು ಬೇಸರಪಟ್ಟುಕೊಂಡೇ ಕುಳಿತಿದ್ದೆ. ಆರಭಿಗೆ ಬಂದಾಗ ಅದೇನಾಯಿತೋ, ಹಿಂದಿನವರೂ ಮುಂದಿನವರೂ ಒಂದೇ ಹೆಜ್ಜೆಗೆ ಬಂದುಬಿಟ್ಟರು. ಕೆಳಗಿನ ನೆಲವೇ ತಾಳ ಹಾಕಿದಂತಾಯಿತು. ಶ್ರೀರಾಗ ಮುಗಿಯುವವರೆಗೂ ಅದು ಸಡಿಲಲಿಲ್ಲ. ರೇಡಿಯೋದಲ್ಲಿ ಇದು ಸಿಕ್ಕಿರಲಿಲ್ಲ.

ನನ್ನ ಪಕ್ಕದಲ್ಲಿ ಕುಳಿತಿದ್ದವರು ಪಟ್ಟುಕೋಟೆ ಕಡೆಯ ತೆಂಗಿನ ತೋಟದವರು. ಅವರಿಗೆ ಕನ್ನಡ ಬಾರದು, ನನ್ನ ತಮಿಳು ಕೂಲಿ ಲೆಕ್ಕಕ್ಕೆ ಸಾಲುವಷ್ಟು. 2018ರ ನವೆಂಬರಿನ ಗಜ ಚಂಡಮಾರುತದಲ್ಲಿ ಅವರ ಮರಗಳು ಬುಡಸಮೇತ ಮಲಗಿದ್ದವು. ಹೊಸ ಸಸಿ ಫಲಕ್ಕೆ ಬರಲು ಎಷ್ಟು ವರ್ಷ ಎಂದು ಬೆರಳಲ್ಲಿ ಎಣಿಸಿ, ತಮ್ಮ ವಯಸ್ಸನ್ನು ಹೇಳಿ, ನಕ್ಕರು. ನಾನೂ ಕೊಳೆರೋಗದ ಕಥೆ ಹೇಳಿದೆ. ಐದು ದಿನವೂ ಬರುತ್ತಾರಂತೆ. ಬೆಳಗಿನಿಂದ ರಾತ್ರಿಯವರೆಗೆ ಒಬ್ಬರಾದ ಮೇಲೊಬ್ಬರು ಹಾಡುತ್ತಲೇ ಇರುತ್ತಾರೆ. ಹೆಸರುವಾಸಿಗಳಿಗೂ ಹೊಸಬರಿಗೂ ಸಿಗುವುದು ಕೆಲವೇ ನಿಮಿಷ. ಒಂದೋ ಎರಡೋ ಕೃತಿ ಹಾಡಿ ಏಳಬೇಕು. "ಟಿಕೇಟಿದ್ದಿದ್ದರೆ ಈ ವರ್ಷ ಬರುತ್ತಿರಲಿಲ್ಲ" ಎಂದರು ಆತ. ಎದ್ದು ಹೋಗಿ ಇಬ್ಬರಿಗೂ ಕಾಫಿ ತಂದರು. ಹಾಲು ಹೆಚ್ಚು, ಚಿಕೋರಿ ಇನ್ನೂ ಹೆಚ್ಚು. ಬೆಳೆಗಾರನಾಗಿ ಏನೂ ಹೇಳದೆ ಕುಡಿದೆ.

ಮಧ್ಯಾಹ್ನ ಜನ ಕರಗಿದ ಮೇಲೆ ನಾಗರತ್ನಮ್ಮನವರ ಸಮಾಧಿಯ ಹತ್ತಿರ ಹೋದೆ. 1952ರಲ್ಲಿ ತೀರಿಕೊಂಡ ಆಕೆಗೆ ಅಲ್ಲಿಯೇ ಜಾಗ ಸಿಕ್ಕಿದೆ. ತ್ಯಾಗರಾಜರ ಸನ್ನಿಧಿಗೆ ಎದುರಾಗಿ ಕೈಮುಗಿದು ಕುಳಿತ ಪ್ರತಿಮೆ. ಅದರ ಮುಂದೆ ನಿಂತಾಗ ನನಗೆ ಬೇರೊಂದು ಸಂಗತಿ ನೆನಪಾಗಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣವಾದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ.

ನಮ್ಮೂರಿನಲ್ಲಿಯೂ ಹಿಂದೆ ಆರಾಧನೆ ನಡೆಯುತ್ತಿತ್ತು. ಹಿರಿಯ ಸದಸ್ಯರಿಗೆ ಗೊತ್ತಿದೆ. 2012ರಲ್ಲಿ ತೋಟದ ಲೈನಿನಲ್ಲಿದ್ದ ಕುಯ್ಲಿನ ಹೆಂಗಸೊಬ್ಬಳ ಮಗಳು, ಹೈಸ್ಕೂಲಿನ ಹುಡುಗಿ, ಗೋಷ್ಠಿಗೆ ಬಂದಳು. ಶಾಲೆಯ ಪ್ರಾರ್ಥನೆ, ರೇಡಿಯೋ, ಅಲ್ಲಿ ಇಲ್ಲಿ ಕೇಳಿದ್ದು ಇಷ್ಟೇ ಆಕೆಯ ಪಾಠ. ಆದರೂ ಶ್ರೀರಾಗದ ಕೃತಿ ಪೂರ್ತಿ ಬರುತ್ತಿತ್ತು, ಶ್ರುತಿ ನಮ್ಮೆಲ್ಲರಿಗಿಂತ ಶುದ್ಧ. ಹೆಂಗಸರ ಸಾಲಿನ ತುದಿಯಲ್ಲಿ ಕೂತು ಹಾಡಿದಳು. ಮುಗಿದ ಮೇಲೆ ಒಬ್ಬರು, "ಮುಂದಿನ ವರ್ಷ ನೋಡೋಣ, ಮೊದಲು ಪದ್ಧತಿಯಾಗಿ ಪಾಠ ಆಗಲಿ" ಎಂದರು. ಮಾತು ಮೃದುವಾಗಿತ್ತು, ಅರ್ಥ ಎಲ್ಲರಿಗೂ ಆಯಿತು, ಹುಡುಗಿಗೂ ಆಯಿತು. ನಾನು ಎರಡು ಮಾರು ದೂರದಲ್ಲಿ ಜಮಖಾನೆ ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ. ಮುಂದಿನ ವರ್ಷ ಆಕೆ ಬರಲಿಲ್ಲ. ಅದಾಗಿ ಎರಡು ವರ್ಷಕ್ಕೆ ಆಹ್ವಾನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಎಂಬ ವಿಷಯಕ್ಕೆ ಎರಡು ಮನೆತನಗಳಿಗೆ ಮಾತು ಬೆಳೆದು ಆರಾಧನೆಯೇ ನಿಂತಿತು. ಅದಕ್ಕೆ ಮಾತ್ರ ಊರೆಲ್ಲ ವ್ಯಥೆಪಟ್ಟಿತು.

ತಿರುವೈಯಾರಿನಿಂದ ಬಂದವನು 2019ರ ಮಹಾಸಭೆಯಲ್ಲಿ, ಸಂಘದ ಗೋದಾಮಿನ ಮುಂದಿನ ಕಣದಲ್ಲಿ ಆರಾಧನೆ ಮತ್ತೆ ಆರಂಭಿಸಬೇಕೆಂದು ಕೇಳಿದೆ. ಸಂಘದ ಹಣದಿಂದ ಹಾಡುಗಾರಿಕೆಯೇ ಎಂದು ಆಕ್ಷೇಪಣೆ ಬಂತು, ನ್ಯಾಯವಾದ ಆಕ್ಷೇಪಣೆ. ಸಂಘದಿಂದ ಕಣ, ದೀಪ, ಮೈಕು ಇಷ್ಟೇ, ಒಂದು ರೂಪಾಯಿಯೂ ಬೇಡ ಎಂದಾಯಿತು. ಆಹ್ವಾನಪತ್ರಿಕೆ ಅಚ್ಚು ಹಾಕಿಸುವುದೇ ಬೇಡವೆಂದು ಎರಡೂ ಮನೆತನದವರು ತಾವಾಗಿಯೇ ಹೇಳಿದರು. 2020ರ ಜನವರಿಯಲ್ಲಿ ಚೆರಿಯ ರಾಶಿಗಳಿಗೆ ಟಾರ್ಪಾಲು ಮುಚ್ಚಿ, ನಡುವೆ ಜಾಗ ಮಾಡಿಕೊಂಡು ಹಾಡಿದೆವು. ಅಂದು ಬಂದವರು ಇಪ್ಪತ್ತೇಳು ಜನ. ಮುಂದಿನ ವರ್ಷ ಸೋಂಕಿನ ದೆಸೆಯಿಂದ ಇಲ್ಲ. ಆಮೇಲೆ ನಡೆದಿದೆ, ಒಂದು ಸಂಜೆ ಇದ್ದದ್ದು ಪಂಚಮಿಯಿಂದ ದಾಸರ ಅಮಾವಾಸ್ಯೆಯವರೆಗೆ ನಾಲ್ಕು ಸಂಜೆಯಾಗಿದೆ. ತ್ಯಾಗರಾಜರ ಜೊತೆಗೆ ದೇವರನಾಮ, ಭಜನೆ, ತತ್ತ್ವಪದ, ಸೋಬಾನೆ ಎಲ್ಲಕ್ಕೂ ಜಾಗವಿದೆ. ನಿಯಮ ಒಂದೇ, ಬಾಯಲ್ಲಿ ಹಾಡುವುದಾಗಿರಬೇಕು.

ಆ ಹುಡುಗಿಯ ತಾಯಿ ಈಗಲೂ ಲೈನಿನಲ್ಲಿದ್ದಾಳೆ. ಕಳೆದ ತಿಂಗಳು ಅವಳ ಮನೆಗೆ ಹೋಗಿ, ಮಗಳನ್ನು ಈ ಸಲ ಹಾಡಲು ಕರೆಯಬೇಕೆಂದು ಹೇಳಿದೆ. ಕರೆಯಲು ಇಷ್ಟು ವರ್ಷ ಯಾಕೆ ತಡವಾಯಿತೆಂದು ಅವಳು ಕೇಳಲಿಲ್ಲ, ಕೇಳಿದ್ದರೆ ಉತ್ತರವಿರಲಿಲ್ಲ. ಸ್ಟೂಲು ಒರೆಸಿ ಕೂರಿಸಿದಳು. "ಅವಳು ಈಗ ಹಾಡೋದು ಬಿಟ್ಟವಳೆ ಅಯ್ಯ. ಮಕ್ಕಳನ್ನ ಮಲಗಿಸೋವಾಗ ಹೇಳ್ಕೊಳ್ತಾಳೆ, ಅಷ್ಟೆಯ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಫೋನ್ ಮಾಡಿದಾಗ ಹೇಳ್ತೀನಿ. ಬತ್ತಾಳೋ ಇಲ್ವೋ ನಂಗೊತ್ತಿಲ್ಲ" ಎಂದಳು. ದಿನಾಂಕ ಬರೆದುಕೊಟ್ಟು ಬಂದಿದ್ದೇನೆ.

ಗೋಷ್ಠಿ ಸಂಜೆ ಆರಕ್ಕೆ ಆರಂಭ. ಕಣದಲ್ಲಿ ಚೆರಿ ಹಾಕಿರುವ ಸದಸ್ಯರು ಅಂದು ನಾಲ್ಕು ಗಂಟೆಯೊಳಗೆ ರಾಶಿ ಮಾಡಿ ಪೂರ್ವದ ಗೋಡೆಯ ಕಡೆಗೆ ಸರಿಸಿ ಟಾರ್ಪಾಲು ಕಟ್ಟಬೇಕು. ಹಲ್ಲರ್ ಯಂತ್ರವನ್ನು ಐದಕ್ಕೆ ನಿಲ್ಲಿಸಲಾಗುವುದು. ಮಂಜು ಬೀಳುವುದರಿಂದ ಚಾಪೆ, ಶಾಲು ಅವರವರೇ ತರಬೇಕು. ಲೈನಿನಿಂದ ಬರುವವರನ್ನು ಕರೆತಂದು ಹಿಂದಕ್ಕೆ ಬಿಡಲು ಸಂಘದ ಜೀಪು ಎರಡು ಸಲ ಹೋಗಿಬರುತ್ತದೆ. ಹಾಡುವವರು ಹೆಸರು ಕೊಡಬೇಕಾಗಿಲ್ಲ.